ಕಲ್ಲಿನ ಬಲಗಡೆ

ನನ್ನ ಅಪ್ಪ ಐವತ್ತರ ಅಂಚಿಗೆ ಬರುವತನಕ ದೇವರನ್ನು ನಂಬಿರಲಿಲ್ಲ ಎಂದು ಬರೆದರೆ ಅವನನ್ನು ಹೊಗಳಿದಂತಾಗುತ್ತದೆ. ನಂಬದೆ ಇರುವುದಕ್ಕೂ ಒಂದಿಷ್ಟು ಶ್ರಮ ಬೇಕು. ಅಷ್ಟನ್ನೂ ಅವನು ಪಟ್ಟಿರಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ರಿವಿಟ್ಟು ಮಾರುವ ಅಂಗಡಿ ನಮ್ಮದು. ಬೆಳಿಗ್ಗೆ ಶಟರ್ ಎತ್ತಿ, ಗಲ್ಲಾದ ಮೇಲಿನ ಫೋಟೋಗಳಿಗೆ ಊದುಬತ್ತಿ ತಿರುಗಿಸಿ, ಅದೇ ಊದುಬತ್ತಿಯನ್ನು ತಕ್ಕಡಿಗೂ ಮೊಬೈಲ್ ಚಾರ್ಜರಿಗೂ ತಿರುಗಿಸುತ್ತಿದ್ದ. ಫೋಟೋದಲ್ಲಿ ಯಾವ ಯಾವ ದೇವರಿದ್ದಾರೆ ಎಂದು ಕೇಳಿದ್ದರೆ ತಿರುಗಿ ನೋಡಿಯೇ ಹೇಳಬೇಕಾಗುತ್ತಿತ್ತು. ಈಗ ಅವನು ಸೋಮವಾರ ಒಪ್ಪೊತ್ತು ಇರುತ್ತಾನೆ. ಕುರುಗೋಡಿನಲ್ಲಿ ಬಸ್ಸಿಳಿದು ಚಪ್ಪಲಿ ಕೈಯಲ್ಲಿ ಹಿಡಿದು ಗುಡಿಗೆ ನಡೆಯುತ್ತಾನೆ. ದೇವರಿಲ್ಲ ಎಂದು ಯಾರಾದರೂ ತಮಾಷೆಗೆ ಅಂದರೂ ಅವನ ದನಿ ಒಡೆಯುತ್ತದೆ. ಈ ನಡುವೆ ಆದದ್ದು ಇಷ್ಟೇ. ಅವನ ಅಕ್ಕನಿಗೆ, ಅಂದರೆ ನನ್ನ ಅತ್ತೆಗೆ, ಎರಡೂ ಕಿಡ್ನಿ ಹೋದವು. ಅವನದು ಹೊಂದುತ್ತದೆ ಎಂದು ಡಾಕ್ಟರು ಹೇಳಿದರು.

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ನಂಬಿಕೆ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ಮಕ್ಕಳು ಗುಹೆ, ಸಿಡಿಲು, ನಡುಗುವ ಮನುಷ್ಯ ಎಂದು ಬರೆಯುತ್ತಾರೆ. ನಾನು ಅಂಕ ಕೊಡುತ್ತೇನೆ. ಆದರೆ ನಾನು ಕಣ್ಣಾರೆ ಕಂಡ ದೇವರು ಹುಟ್ಟಿದ್ದು ಹಾಡಹಗಲಲ್ಲಿ, ಉಂಡು ಬಂದ ಜನರ ನಡುವೆ. ಅಲ್ಲಿ ಸಿಡಿಲೂ ಇರಲಿಲ್ಲ, ಗುಹೆಯೂ ಇರಲಿಲ್ಲ. ಒಂದು ಮಾತನ್ನು ಆಡಬೇಕಿತ್ತು, ಆಡುವವರು ಸಿಗಲಿಲ್ಲ.

ಅತ್ತೆ ಇರುವುದು ಸಿರುಗುಪ್ಪದಲ್ಲಿ. ಮಾವ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಸಕ್ಕರೆ ಕಾಯಿಲೆಯವನಾದ್ದರಿಂದ ಅವನ ಕಿಡ್ನಿ ಬರುವುದಿಲ್ಲ. ಮಕ್ಕಳಿಲ್ಲ. ವಾರಕ್ಕೆ ಎರಡು ಸಲ ಅವಳು ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು, ರಾತ್ರಿ ನಮ್ಮಲ್ಲಿ ಮಲಗಿ, ಬೆಳಿಗ್ಗೆ ಹೋಗುತ್ತಾಳೆ. ಸೂಜಿ ಚುಚ್ಚಲೆಂದು ಎಡಗೈಯ ನರ ಕೂಡಿಸಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಕೊಂಡಂತೆ ಗುಂಯ್‌ಗುಡುತ್ತದೆ. ಕುಡಿಯುವ ನೀರು ಅಳತೆಯದು. ನಮ್ಮೂರಿನ ಬೇಸಿಗೆಯಲ್ಲಿ, ಮನೆಯವರೆಲ್ಲ ತಂಬಿಗೆ ಎತ್ತಿ ಗಟಗಟ ಕುಡಿಯುವಾಗ, ಅವಳು ಒಂದು ಐಸ್ ತುಂಡನ್ನು ಬಾಯಲ್ಲಿಟ್ಟುಕೊಂಡು ಗೋಡೆ ನೋಡುತ್ತಾಳೆ. ನಾವು ಅವಳೆದುರು ನೀರು ಕುಡಿಯುವುದನ್ನು ಮೊದಲ ವಾರ ಬಿಟ್ಟಿದ್ದೆವು. ಆಮೇಲೆ ಮರೆತೆವು.

ನಮ್ಮ ಮನೆಯಲ್ಲಿ ಒಂದು ಪುರಾಣವಿತ್ತು. ಅಪ್ಪ ಸಣ್ಣವನಿದ್ದಾಗ ವಿಷಮಜ್ವರ ಬಂದು, ಕುರುಗೋಡಿನಿಂದ ಬಳ್ಳಾರಿಯ ಆಸ್ಪತ್ರೆಯವರೆಗೆ ಅತ್ತೆ ಅವನನ್ನು ಹೊತ್ತುಕೊಂಡು ನಡೆದಳು ಎಂಬ ಪುರಾಣ. ನಾನು ಮೊದಲು ಕೇಳಿದಾಗ ಅದರಲ್ಲಿ ಎತ್ತಿನ ಗಾಡಿಯಿತ್ತು. ಅತ್ತೆ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರಲ್ಲಿ ಕೂತಿದ್ದಳು. ಕೆಲವು ವರ್ಷಕ್ಕೆ ಗಾಡಿಯ ಅಚ್ಚು ಮುರಿಯಿತು. ಆಮೇಲೆ ಗಾಡಿಯೇ ಮಾಯವಾಯಿತು. ಒಂದು ಮದುವೆಮನೆಯಲ್ಲಿ ಅಪ್ಪ ಹೇಳುವಾಗ ಹಳ್ಳಕ್ಕೆ ನೀರು ಬಂದಿತ್ತು, ಅತ್ತೆಯ ಹಿಮ್ಮಡಿಯಿಂದ ರಕ್ತ ಸೋರುತ್ತಿತ್ತು. ಅತ್ತೆ ಪಕ್ಕದಲ್ಲೇ ಕೂತು ಕೇಳಿದಳು, ತಿದ್ದಲಿಲ್ಲ. ಅವಳಿಗೂ ಅದು ಹಾಗೆಯೇ ನೆನಪಿತ್ತೋ ಏನೋ. ಕೊಡುವುದಕ್ಕೆ ಏನೂ ಇಲ್ಲದಿದ್ದಾಗ ಕೃತಜ್ಞತೆಗೆ ರೆಕ್ಕೆ ಮೂಡುತ್ತದೆ.

ಡಾಕ್ಟರು ಹೊಂದುತ್ತದೆ ಎಂದ ಮೇಲೆ ಪುರಾಣ ಹಿಂದಕ್ಕೆ ನಡೆಯತೊಡಗಿತು. ಅಮ್ಮ ಒಗ್ಗರಣೆ ಹಾಕುತ್ತ, ಸೌಟಿನ ಕಡೆ ನೋಡುತ್ತಲೇ, "ಗಾಡಿಯಾಗ ಹೋಗಿದ್ರಂತ. ನಿಮ್ಮವ್ವ ನನಗ ಹೇಳಿದ್ಲು. ಹೊತ್ಕೊಂಡೇನ್ ಹೋಗಿರ್ಲಿಲ್ಲ" ಎಂದಳು. ಅಪ್ಪ, ಗಾಡಿಯೇ ಇರಬೇಕು ಎಂದ. ಆ ವಾರದಲ್ಲೇ ಗಾಡಿ ವಾಪಸು ಬಂತು, ಅಚ್ಚು ಕೂಡಿಕೊಂಡಿತು, ಹಳ್ಳ ಒಣಗಿತು, ಅಜ್ಜ ಬಂದು ಎತ್ತು ಹೊಡೆಯಲು ಕೂತ. ಅತ್ತೆ ಗಾಡಿಯ ಮೂಲೆಯಲ್ಲಿ ಜೊತೆಗೆ ಹೋದ ಒಬ್ಬ ಹುಡುಗಿ, ಅಷ್ಟೇ ಆದಳು.

ಕೊಡುವುದಿಲ್ಲ ಎಂದು ಯಾರೂ ಅನ್ನಲಿಲ್ಲ. ಅಂಗಡಿಯಲ್ಲಿ ಭಾರ ಎತ್ತುವವರು ಯಾರು ಎಂದರು. ನನ್ನ ಮದುವೆ ಇನ್ನೂ ಆಗಿಲ್ಲ ಎಂದರು. ಒಂದು ಕಿಡ್ನಿಯಲ್ಲಿ ಆರಾಮಾಗಿ ಬದುಕಬಹುದೆಂದು ಡಾಕ್ಟರು ಹೇಳಿದ್ದಕ್ಕೆ ಅಮ್ಮ, "ಅವರಿಗೇನ್ ಹೇಳಾಕ, ಅವರವು ಎರಡೂ ಅದಾವು" ಎಂದಳು. ನಾನು ನಕ್ಕೆ, ಅಪ್ಪ ನನಗಿಂತ ಜೋರಾಗಿ ನಕ್ಕ. ಬೇಡ ಎಂಬ ಮಾತು ಮನೆಯ ಎಲ್ಲ ಕೋಣೆಗಳಲ್ಲೂ ಓಡಾಡುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಅತ್ತೆ ಬಂದ ದಿನ ಎಲ್ಲರೂ ಅವಳಿಗೆ ಅತಿಯಾಗಿ ಉಪಚಾರ ಮಾಡುತ್ತಿದ್ದರು. ಉಪ್ಪಿಲ್ಲದ ಪಲ್ಯವನ್ನು ಬೇರೆ ಪಾತ್ರೆಯಲ್ಲಿ ಮಾಡುತ್ತ ಅಮ್ಮ ಇಡೀ ಓಣಿಗೆ ಕೇಳುವಂತೆ ಬೇರೆ ಪಾತ್ರೆಯ ಸುದ್ದಿ ಹೇಳುತ್ತಿದ್ದಳು. ಅತ್ತೆ ತಾನಾಗಿ ಯಾವತ್ತೂ ಕೇಳಲಿಲ್ಲ. ಊಟವಾದ ಮೇಲೆ ಒಂದು ಗಳಿಗೆ ಅಪ್ಪನ ಕಡೆ ನೋಡಿ ಕಣ್ಣು ಕೆಳಗಿಳಿಸುತ್ತಿದ್ದಳು. ಆ ಗಳಿಗೆಯನ್ನು ತಪ್ಪಿಸಲು ಅಪ್ಪ ಬೇಗ ಕೈ ತೊಳೆಯಲು ಏಳುತ್ತಿದ್ದ.

ಕೊನೆಗೆ ಅವನೇ ಹೇಳಿದ: "ಮನಿದೇವ್ರನ್ನ ಒಂದ್ ಮಾತು ಕೇಳಾಣ." ಯಾರೋ ಕಿಟಕಿ ತೆರೆದಂತಾಯಿತು. ಅಮ್ಮ ಕೂಡಲೇ ಯಾವ ವಾರ ಒಳ್ಳೆಯದೆಂದು ನೋಡಿದಳು. ಅತ್ತೆಯ ಮುಖವೂ ಅರಳಿತು ಎಂಬುದು ನನ್ನ ನೆನಪು. ಅವಳ ಲೆಕ್ಕ ಬೇರೆ: ದೇವರು ಅವಳಿಗೆ ಹಿಂದೆ ಎಂದೂ ಬೇಡ ಅಂದಿರಲಿಲ್ಲ.

ನಮ್ಮ ಮನೆದೇವರ ಗುಡಿ ಇರುವುದು ಕುರುಗೋಡಿನ ಗುಡ್ಡದ ಬುಡದಲ್ಲಿ, ಎರಡು ಬಂಡೆಗಳ ಸಂದಿನಲ್ಲಿ. ದೊಡ್ಡ ಗುಡಿಗಳನ್ನು ನೋಡಲು ಬರುವವರು ಇದರ ಮುಂದೆಯೇ ಹೋದರೂ ತಿರುಗಿ ನೋಡುವುದಿಲ್ಲ. ಒಳಗಿರುವುದು ಮೊಣಕಾಲೆತ್ತರದ ಒಂದು ಗುಂಡುಕಲ್ಲು. ಏನಾದರೂ ದೊಡ್ಡದನ್ನು ನಿರ್ಧರಿಸಬೇಕಾದರೆ ಅಲ್ಲಿ ಹೂ ಕೇಳುತ್ತಾರೆ. ಪೂಜಾರಿ ಸೇವಂತಿಗೆಯ ಎಸಳುಗಳನ್ನು ನೀರಲ್ಲದ್ದಿ ಕಲ್ಲಿನ ಎರಡೂ ಪಕ್ಕಕ್ಕೆ ಅಂಟಿಸುತ್ತಾನೆ. ಕೇಳುವವರು ಕೇಳಿ ಕೈಮುಗಿದು ನಿಲ್ಲಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಅಂಗಡಿ ಹಾಕುವ ಮುಂಚೆ ಅಪ್ಪ ಕೇಳಿದ್ದ, ಬಲಕ್ಕೆ ಬಿದ್ದಿತ್ತು. ಅಂಗಡಿ ನಿಂತರೆ ದೇವರಿಗೆ ಬೆಳ್ಳಿಯ ಕಣ್ಣು ಮಾಡಿಸುತ್ತೇನೆಂದು ಆಗ ಹರಕೆ ಹೊತ್ತವಳು ಅತ್ತೆ. ಅಂಗಡಿ ನಿಂತಿತು, ಅವಳು ಕಣ್ಣು ಮಾಡಿಸಿದಳು. ಅದಾದ ಮೇಲೆ ನಮ್ಮ ಮನೆಯಿಂದ ಯಾರೂ ಹೂ ಕೇಳಲು ಹೋಗಿರಲಿಲ್ಲ.

ನಾವು ನಾಲ್ವರು ಹೋದೆವು: ಅಪ್ಪ, ಅಮ್ಮ, ಅತ್ತೆ, ನಾನು. ಹಿಂದಿನ ದಿನ ಡಯಾಲಿಸಿಸ್ ಆಗಿದ್ದರಿಂದ ಅತ್ತೆ ಬಂಡೆಗಳನ್ನು ಹಿಡಿಹಿಡಿದು ಹತ್ತಿದಳು. ಹಳೆಯ ಪೂಜಾರಿ ತೀರಿಕೊಂಡು ಅವನ ಮಗ ಬಂದಿದ್ದ. ಉದ್ಧರಣೆಯಲ್ಲಿ ತೀರ್ಥ ಕೊಟ್ಟಾಗ ಅತ್ತೆ ಅಂಗೈ ನೋಡಿಕೊಂಡು, "ಇದೂ ಲೆಕ್ಕಕ್ಕ ಬರ್ತೈತೇನ್‌ರಿ ಡಾಕ್ಟರ್‌ದು?" ಎಂದಳು. ಪೂಜಾರಿಗೆ ಅರ್ಥವಾಗಲಿಲ್ಲ. ಅಮ್ಮ ಮಾತ್ರ ಎಷ್ಟು ಕುಡಿದಳು ಎಂದು ನಿಜವಾಗಿಯೂ ನೋಡುತ್ತಿದ್ದಳು.

ಅಪ್ಪ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಬೇಡಿಕೊಂಡ: "ನಾ ಕೊಡಾಕ ತಯಾರ ಅದೀನಪ್ಪ. ನಿನ್ನ ಅಪ್ಪಣಿ ಇದ್ರ ಬಲಕ್ಕ ಕೊಡು." ಅದೇ ಮೊದಲ ಸಲ ಅವನು ಆ ಮಾತು ಆಡಿದ್ದು. ಅಕ್ಕನ ಎದುರು ಆಡಲಾರದ್ದನ್ನು ಕಲ್ಲಿನ ಎದುರು ಸಲೀಸಾಗಿ ಆಡಿದ. ಯಾಕೆಂದರೆ ಕಲ್ಲು, 'ಸರಿ, ನಾಳೆ ಬಾ, ಸಹಿ ಹಾಕು' ಎನ್ನುವುದಿಲ್ಲ.

ಕಾದೆವು. ಎಸಳುಗಳಿಂದ ನೀರು ಹನಿಯುತ್ತಿತ್ತು. ನಮ್ಮ ಬಲಕ್ಕೆ ಬಾಗಿಲು, ಬಂಡೆಗಳ ಸಂದಿಯಿಂದ ಬಿಸಿಗಾಳಿ ಬಂದು ಆ ಕಡೆಯ ಎಸಳುಗಳನ್ನು ಒಣಗಿಸುತ್ತಿತ್ತು. ಅದನ್ನು ನಾನು ಆಗಲೇ ಗಮನಿಸಿದೆನೋ, ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಎಸಳು ಬಿತ್ತು. ನಾವು ನಿಂತಿದ್ದ ಕಡೆಯಿಂದ ನೋಡಿದರೆ ಬಲಕ್ಕೆ.

ಇಲ್ಲಿ ನನಗೆ ಅಪ್ಪನ ಮುಖ ನೆನಪಿದೆ. ರಕ್ತ ಇಳಿದುಹೋಗಿ, ಕೆಳತುಟಿ ಜೋತು, ಹೊಟ್ಟೆಯ ಪಕ್ಕಕ್ಕೆ ಕೈ ಹೋದದ್ದು ನೆನಪಿದೆ. ಆದರೆ ನಾನು ನಿಂತಿದ್ದು ಅವನ ಬೆನ್ನ ಹಿಂದೆ. ಆ ಮುಖವನ್ನು ನಾನು ನೋಡಿರಲು ಸಾಧ್ಯವಿಲ್ಲ. ಬೇರೆ ಎಲ್ಲಿಂದಲೋ ತಂದು ಅಲ್ಲಿ ಇಟ್ಟಿದ್ದೇನೆ. ಮುಖ ಕಾಣುವಂತೆ ನಿಂತಿದ್ದವಳು ಒಬ್ಬಳೇ. ನಿಲ್ಲಲಾಗದೆ ಪಕ್ಕದ ಕಟ್ಟೆಗೆ ಒರಗಿ ಅವನ ಕಡೆಗೆ ತಿರುಗಿದ್ದ ಅತ್ತೆ.

ಬಲಕ್ಕೆ ಬಿತ್ತಲ್ಲ ಎಂದು ಅಮ್ಮ ಮೆಲ್ಲಗೆ ಕೇಳಿದಳು, ಅಲ್ಲ ಅನ್ನಿಸಿಕೊಳ್ಳಲೆಂದೇ ಕೇಳಿದಂತೆ. ಪೂಜಾರಿ ಕತ್ತು ಕೆರೆದುಕೊಂಡ. "ಯಾರ ಬಲಕ್ಕರಿ? ನಮ್ಮಪ್ಪನ ಕಾಲದಾಗ ನಿಂತವರ ಬಲ ಹಿಡೀತಿದ್ರು. ಕಲ್ಲಿಗೆ ಮಾರಿ ಎಲ್ಲಿತ್ತು? ಈ ಕಣ್ಣು ಕುಂದ್ರಿಸಿದ ಮ್ಯಾಲೆ ಅದು ನಮ್ಮನ್ನ ನೋಡಾಕ ಹತ್ತೇತಿ. ಈಗ ದೇವ್ರ ಬಲಾನ ಬಲ ಅಂತೀವಿ. ನೀವು ಯಾವುದನ್ನ ಮನಸಿನ್ಯಾಗ ಇಟ್ಕೊಂಡು ಕೇಳಿದ್ರಿ?"

ಅಪ್ಪ ಹಳೆಯ ಪದ್ಧತಿಯಲ್ಲೇ ಕೇಳಿದ್ದ. ಅವನಿಗೆ ಬೇರೆ ಗೊತ್ತಿರಲಿಲ್ಲ. ನನ್ನ ಬಲ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ಬಿದ್ದ ಎಸಳನ್ನೇ ನೋಡುತ್ತ ನಿಂತ. ಅಮ್ಮ ಸೆರಗು ಸರಿಮಾಡಿಕೊಂಡಳು. ಪೂಜಾರಿ ಕಾದ. ಬೆಳ್ಳಿಯ ಕಣ್ಣು, ಅತ್ತೆಯೇ ಮಾಡಿಸಿದ್ದು, ನಮ್ಮೆಲ್ಲರನ್ನೂ ದುರುಗುಟ್ಟಿ ನೋಡುತ್ತಿತ್ತು.

"ಕಣ್ಣಿದ್ದದ್ದಕ್ಕ ತನ್ನ ಬಲ ಯಾವುದಂತ ಗೊತ್ತಿರಂಗಿಲ್ಲೇನೋ ತಮ್ಮಾ?" ಎಂದಳು ಅತ್ತೆ ಪೂಜಾರಿಗೆ. "ಎಡಕ್ಕ ಆಗೇತಿ. ಬ್ಯಾಡ ಅಂದಾನ. ನಡೀರಿ, ಬಿಸಲು ಏರತೈತಿ."

ಅಷ್ಟೇ. ಅವಳ ಹಿಂದೆ ಬಂಡೆ ಇಳಿದೆವು. ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಅಪ್ಪ ಮತ್ತೊಂದು ಪ್ಲೇಟು ಹೇಳಿದ. ವಾರಗಳಿಂದ ಸರಿಯಾಗಿ ಉಂಡಿರದ ಮನುಷ್ಯ, ಮೂಗಲ್ಲಿ ನೀರಿಳಿಯುವಷ್ಟು ಖಾರದ ಮಿರ್ಚಿಯನ್ನು ಕಣ್ಣು ಮುಚ್ಚಿ ಅಗಿದ. ಉಪ್ಪು ತಿನ್ನಬಾರದ ಅತ್ತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನು ತಿನ್ನುವುದನ್ನು ನೋಡುತ್ತ ಕೂತಿದ್ದಳು. ನಿಧಾನ ತಿನ್ನು, ಬಸ್ಸು ಇನ್ನೂ ಬಂದಿಲ್ಲ ಎಂದಳು.

ಅಪ್ಪನ ಭಕ್ತಿ ಶುರುವಾದದ್ದು ಅಲ್ಲಿಂದ. ಅಂಗಡಿಯಲ್ಲಿ ಮನೆದೇವರ ಫೋಟೋ ಬಂತು. ಅದಕ್ಕೆ ಬೇರೆಯೇ ಊದುಬತ್ತಿ, ಅದನ್ನು ಚಾರ್ಜರಿಗೆ ತಿರುಗಿಸುವುದಿಲ್ಲ. ಸೋಮವಾರ ಬಂತು, ಒಪ್ಪೊತ್ತು ಬಂತು, ಗುಡಿಯ ಅಂಗಳಕ್ಕೆ ಟೈಲ್ಸ್ ಬಂತು. ಜನ ಇದನ್ನು ವಯಸ್ಸು ಎನ್ನುತ್ತಾರೆ. ನನಗೆ ಅದು ಬೇರೆ ಕಾಣುತ್ತದೆ. ದೇವರಿದ್ದರೆ ಅಪ್ಪ ಕೊಡಲು ಹೋಗಿ ತಡೆಯಲ್ಪಟ್ಟ ತಮ್ಮ. ಇಲ್ಲದಿದ್ದರೆ ಅವನು ಯಾರೆಂದು ಹೇಳಲು ಒಂದೇ ಒಂದು ಪದ ಉಳಿಯುತ್ತದೆ. ಹಾಗಾಗಿ ದೇವರು ಇರಲೇಬೇಕು, ದಿನಾ ಇರಬೇಕು, ಒಂದು ದಿನವೂ ರಜೆ ಹಾಕಬಾರದು. ಎಸಳು ಕೂಡ ಬಿದ್ದಲ್ಲೇ ಉಳಿದಿಲ್ಲ. ಅಮ್ಮ ಈಗ ಹೇಳುವಾಗ ಅದು ಅನುಮಾನವೇ ಇಲ್ಲದಂತೆ ಎಡಕ್ಕೆ ಬೀಳುತ್ತದೆ. ಕಳೆದ ವರ್ಷ ನೆಂಟರೊಬ್ಬರ ಮನೆಯಲ್ಲಿ ಹೇಳುವಾಗ ಎಡಗಡೆಯ ಎಸಳುಗಳೆಲ್ಲ ಒಟ್ಟಿಗೇ ಉದುರಿದವು. ಪೂಜಾರಿಯ ಪ್ರಶ್ನೆ ಕಥೆಯಿಂದ ಹೊರಟುಹೋಗಿದೆ. ಅತ್ತೆ ಆಡಿದ ಮಾತೂ ಹೋಗಿದೆ.

ಒಂದು ಮಧ್ಯಾಹ್ನ ಅತ್ತೆ ನಮ್ಮ ಪಡಸಾಲೆಯಲ್ಲಿ ಒರಗಿದ್ದಾಗ ನಾನು ಇದನ್ನೆಲ್ಲ ಅವಳ ಮುಂದೆ ಇಟ್ಟೆ. ಬಾಗಿಲು, ಗಾಳಿ, ಒಣಗಿದ ಎಸಳು. ಹಳೆಯ ಪದ್ಧತಿಯಲ್ಲಿ ಅದು ಬಲವೇ, ಅಪ್ಪ ಕೇಳಿದ್ದೂ ಹಳೆಯ ಪದ್ಧತಿಯಲ್ಲೇ, ಅಂದರೆ ದೇವರು ಆಗಲಿ ಅಂದಂತಾಯಿತು. ಅದನ್ನು ಒಪ್ಪದಿದ್ದರೆ ದೇವರೇ ಇಲ್ಲ, ಆಗಲೂ ಕೇಳುವ ಹಕ್ಕು ನಿನಗಿದೆ ಎಂದೆ. ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿರಬೇಕು. ಅವಳು ಐಸ್ ತುಂಡನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಎಸಳು ಬಿದ್ದದ್ದು ನನಗೂ ಕಂಡೈತಿ. ನಿಮ್ಮಪ್ಪನ ಮಾರಿನೂ ಕಂಡೈತಿ" ಎಂದಳು. "ದೇವ್ರು ಬ್ಯಾಡ ಅಂದಿದ್ರ ನನಗ ಒಬ್ಬ ತಮ್ಮ ಅದಾನ. ದೇವ್ರ ಇಲ್ಲಂದ್ರ, ಬ್ಯಾಡ ಅಂದಾವ್ರು ಯಾರು? ಹೇಳು, ಓದಿದಾಕಿ ನೀನು."

ಅವಳಿಗೆ ಸಿಟ್ಟು ಬಂತು. ಮತ್ತೊಮ್ಮೆ ದೇವರ ವಿಷಯ ಎತ್ತಿದರೆ ಈ ಮನೆಗೆ ಬರುವುದಿಲ್ಲ, ಆಸ್ಪತ್ರೆಯ ವರಾಂಡದಲ್ಲಿ ಮಲಗುತ್ತೇನೆ ಎಂದಳು.

ಅವಳು ಅಂದು ಗುಡಿಯಲ್ಲಿ ಆಡಿದ್ದು ನಂಬಿ ಆಡಿದ ಮಾತಲ್ಲ, ಅದು ನನಗೆ ಗೊತ್ತು. ಆದರೆ ಈಗ ಅವಳು ನಂಬುತ್ತಾಳೆ, ಅದೂ ಗೊತ್ತು. ದಿಂಬಿನ ಕೆಳಗೆ ಆ ಗುಡಿಯ ಭಂಡಾರದ ಅರಿಶಿನದ ಪೊಟ್ಟಣ ಇಟ್ಟುಕೊಳ್ಳುತ್ತಾಳೆ. ನರ್ಸು ಅದನ್ನು ಕಸವೆಂದು ಎತ್ತಿದಾಗ ಬಯ್ದು ಅತ್ತುಬಿಟ್ಟಳು. ತಾನು ಯಾವ ಪಾಪ ಮಾಡಿದ್ದಕ್ಕೆ ದೇವರು ಬೇಡ ಅಂದ ಎಂದು ಹುಡುಕುತ್ತಾಳೆ. ಒಂದೊಂದು ವಾರ ಒಂದೊಂದು ಸಿಗುತ್ತದೆ. ಗಂಡನ ಮನೆಯಲ್ಲಿ ಯಾರಿಗೋ ಊಟ ಬಡಿಸದೆ ಇದ್ದದ್ದು, ಮುಟ್ಟಾದಾಗ ಗುಡಿ ಮುಂದೆ ಹಾದದ್ದು. ತಮ್ಮನನ್ನು ಉಳಿಸಲು ತಾನೇ ಕಟ್ಟಿದ ದೇವರು ಈಗ ಅವಳನ್ನೇ ವಿಚಾರಣೆಗೆ ನಿಲ್ಲಿಸಿದ್ದಾನೆ. ಸುಳ್ಳು ಯಾವ ದಿನ ನಂಬಿಕೆಯಾಯಿತು ಎಂದು ನಾನು ತುಂಬ ಹುಡುಕಿದೆ. ಅಂಥ ದಿನ ಸಿಗಲಿಲ್ಲ. ಸಿಕ್ಕಿದ್ದರೂ ನಾನದನ್ನು ನಂಬುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಅವಳು ಇಳಿದುಹೋದಳು. ಡಾಕ್ಟರು ಅಪ್ಪನನ್ನು ಕರೆದು, ಮಾಡಿಸುವುದಾದರೆ ಈಗಲೇ, ಮುಂದೆ ಅವರ ಹೃದಯ ತಡೆಯುವುದಿಲ್ಲ ಎಂದರು. ಅಪ್ಪ ಬಂದು ಅವಳ ಹಾಸಿಗೆಯ ತುದಿಯಲ್ಲಿ ಕೂತ. ಮೆಷಿನ್ನಿನ ಕೊಳವೆಯಲ್ಲಿ ಅವಳ ರಕ್ತ ಹೋಗಿ ಬರುತ್ತಿತ್ತು. ಕೊಡುತ್ತೇನೆ ಎನ್ನಲು ಅವನಿಗೆ ಅಷ್ಟು ಹತ್ತಿರದ ಜಾಗ ಮತ್ತೆ ಸಿಗಲಾರದು. "ಮತ್ತೊಮ್ಮೆ ಕೇಳಾಣೇನಕ್ಕಾ?" ಎಂದ.

ಅತ್ತೆ ಕಣ್ಣು ತೆರೆಯದೆ, "ಒಮ್ಮೆ ಹೇಳಿದ್ದನ್ನ ಮತ್ತ ಕೇಳಿದ್ರ ಅವಗ ಸಿಟ್ಟು ಬರ್ತೈತಿ. ಅದು ನಿನಗ ತಟ್ಟತೈತೋ" ಎಂದಳು. ಅಪ್ಪ ಗಳಗಳ ಅತ್ತ. ನೋಡಿದವರಿಗೆ ಅಕ್ಕನ ಮೇಲೆ ಎಂಥ ಪ್ರೀತಿ ಅನ್ನಿಸಿರಬೇಕು.

ಪಕ್ಕದ ಹಾಸಿಗೆಯ ಹೆಂಗಸಿಗೆ ಅನ್ನಿಸಿತು. ಮೋಕ ಎಂಬ ಊರಿನ ಕಡೆಯವಳು, ನನ್ನದೇ ವಯಸ್ಸು. ಅವಳ ಅಣ್ಣ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ. ಅವನದು ಹೊಂದುತ್ತದೆ ಎಂದು ಆ ವಾರವಷ್ಟೇ ತಿಳಿದಿತ್ತು. ನಿಮಗೆ ಕೊಡುವವರು ಯಾರೂ ಇಲ್ಲವೇನ್ರಿ ಎಂದು ಅವಳು ಅತ್ತೆಯನ್ನು ಕೇಳಿದಳು. ಅತ್ತೆ ಕಣ್ಣು ತೆರೆದಳು. ಅಷ್ಟು ದಿನಗಳಲ್ಲಿ ನಾನು ಕಾಣದ ಒಂದು ಕಳೆ ಆ ಬತ್ತಿದ ಮುಖಕ್ಕೆ ಬಂತು.

"ಇವನ ಅದಾನಲ್ಲವ್ವಾ, ನನ್ನ ತಮ್ಮ. ಕೊಡಾಕ ನಿಂತ್ ಬಿಟ್ಟಿದ್ದ. ಮನಿದೇವ್ರು ಬಿಡಲಿಲ್ಲ."

ಅಪ್ಪ ತಲೆಯಾಡಿಸಿದ. ಆ ಹೆಂಗಸು ಮಲಗಿದ್ದಲ್ಲೇ ಸೂಜಿಯಿಲ್ಲದ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು ಯಾವ ದೇವರು ಎಂದು ಕೇಳಿದಳು. ಅವಳ ಅಣ್ಣ ಸ್ಟೂಲಿನಿಂದ ಎದ್ದು ನಿಂತಿದ್ದ.

ಸ್ವಲ್ಪ ಹೊತ್ತಿಗೆ ಅಪ್ಪ ಚಹಾಕ್ಕೆ ಹೊರಗೆ ಬಂದ, ನಾನೂ ಇದ್ದೆ. ಆ ಹೆಂಗಸಿನ ಅಣ್ಣನೂ ಹಿಂದೆ ಬಂದ. ಮೊದಲು ಯಾವ ಬಸ್ಸೆಂದು ಕೇಳಿದ, ಆಮೇಲೆ ಎಲ್ಲಿ ಇಳಿಯಬೇಕು ಎಂದು ಕೇಳಿದ. ಅಪ್ಪ ಹೇಳಿದ: ಕುರುಗೋಡಿನಲ್ಲಿಳಿದು ಗುಡ್ಡದ ಕಡೆ, ದೊಡ್ಡ ಗುಡಿ ದಾಟಿದ ಮೇಲೆ, ಸೋಮವಾರ ಮುಂಜಾನೆ ಹೋದರೆ ಪೂಜಾರಿ ಸಿಗುತ್ತಾನೆ, ಸೇವಂತಿಗೆ ನೀವೇ ಒಯ್ಯಿರಿ. ಅವನು ಎಲ್ಲವನ್ನೂ ಮನಸ್ಸಿಟ್ಟು ಕೇಳಿಸಿಕೊಂಡ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಸಾವ್ಕಾರ್ರ, ಅಲ್ಲಿ ಹೂವು ಜಾಸ್ತಿ ಯಾವ ಕಡಿ ಬೀಳ್ತಾವ್ರಿ?"

ಅಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಅವನು ಆ ಮನುಷ್ಯನ ಹೆಗಲ ಮೇಲೆ ಕೈಯಿಟ್ಟ.

"ಹೋಗಿ ಬರ್ರಿ" ಎಂದ. "ನಿಮ್ಮ ಕೈ ಬಿಡಂಗಿಲ್ಲ ಅವನು."